ಡಕಾರಕ್ಕೊಂದು ಗುಡಿಸು

ಮಾರ್ಚ್ ೧೪, ಮಂಗಳವಾರ.

ಈ ಹೀಬ್ರೂ ಪಾಠಕ್ಕೆ ಸೇರಿದ್ದೇ ತಪ್ಪಾಯಿತು. ಬೈಬಲ್ಲಿನಲ್ಲಿ ಮೊದಲ ಹೆಂಡತಿಗೆ ಹೇಳಿದ 'ಹೆಲ್ಪ್ ಮೀಟ್' ಎಂದರೆ ಸಹಾಯಕ್ಕೆಂದು ಬಂದು ಭೇಟಿಯಾಗಿ, ಹೇಳಿದ್ದಕ್ಕೆಲ್ಲ ಹೂಂ ಅನ್ನುವವಳು ಎಂದು ಕಾಲೇಜು ಇಂಗ್ಲಿಷಿನ ಬಲದಲ್ಲಿ ಇಷ್ಟು ವರ್ಷ ನಂಬಿದ್ದೆ. ಇವತ್ತು ಮೇಷ್ಟ್ರು, "ಮೂಲದಲ್ಲಿರೋದು ಎದುರಿಗೆ ನಿಲ್ಲೋ ಸಹಾಯ ಸರ್, ಹೂಂಗುಟ್ಟೋಳಲ್ಲ" ಅಂದರು. ಮೈಯೆಲ್ಲ ಉರಿಯಿತು. ನನ್ನವಳ ಸಮಾಧಿ ಕಲ್ಲಿಗೆ 'ಎದುರಾಡದ ಸಹಾಯಕಿ' ಎಂದು ಬರೆದುಕೊಟ್ಟು ವಾರವಾಗಿದೆ. ಅದು ಸುಳ್ಳು ಬೇರೆ. ಉಪ್ಪಿನಿಂದ ಹಿಡಿದು ದೇವರವರೆಗೆ ಎಲ್ಲಕ್ಕೂ ಎದುರಾಡಿದವಳು ಅವಳು.

ಕಲ್ಲುಕುಟಿಗನಿಗೆ ಫೋನ್ ಮಾಡಿದರೆ, "ಕೆತ್ತಿ ಆಯ್ತು ಯಜಮಾನ್ರೇ. ಒರೆಸೋಕೆ ಇದೇನು ಸ್ಲೇಟಾ?" ಎಂದ.

"ಒರೆಸಬೇಡಪ್ಪ. ಡಕಾರಕ್ಕೆ ಒಂದು ಗುಡಿಸು ಕೊಡು, ಸಾಕು."

"ಎದುರಾಡಿದ ಸಹಾಯಕಿ ಅಂತಲಾ? ಜನ ನಗ್ತಾರೆ!"

ನಗಲಿ. ಅವಳಿದ್ದಿದ್ದರೆ ಗುಡಿಸು ಸೊಟ್ಟಗಿದೆ ಎಂದು ಇದಕ್ಕೂ...