ಹನ್ನೊಂದನೇ ದಿನದ ಸ್ನಾನ

ಗಾಜುವಾಕ
ಗುರುವಾರ ಬೆಳಿಗ್ಗೆ

ನನ್ನ ಪುಟ್ಟಿ ಪ್ರೇರಣಾ,

ಇದನ್ನು ಫೋನಿನಲ್ಲೇ ಹೇಳೋಣವೆಂದು ಮೂರು ಸಲ ಬಾಯಿ ತೆರೆದೆ. ಮೂರು ಸಲವೂ ಊಟ ಆಯಿತಾ ಎಂದು ಕೇಳಿ ಇಟ್ಟುಬಿಟ್ಟೆ. ನಿನಗೆ ಕನ್ನಡ ಓದುವುದು ತೆಲುಗಿನಷ್ಟು ಸಲೀಸಲ್ಲ, ಗೊತ್ತು. ಆದರೂ ಅಕ್ಷರ ಕೂಡಿಸಿಕೊಂಡು ನೀನೇ ಓದು. ಅಳಿಯಂದಿರ ಕೈಗೆ ಆಮೇಲೆ ಕೊಡು.

ಭಾನುವಾರ ನೀನು ವಿಜಯವಾಡದಿಂದ ಫೋನ್ ಮಾಡಿ ನಗುತ್ತಾ ಹೇಳಿದೆ: "ಅಮ್ಮಾ, ಸ್ಕ್ಯಾನ್‌ನಲ್ಲಿ ಬೇಬಿ ತುಂಬಾ ಪೆದ್ದದು ಅಂತ ಬಂದಿದೆ. ಏಳನೇ ತಿಂಗಳಿಗೇ ಇಷ್ಟು! ಅತ್ತೆ ಫುಲ್ ಹ್ಯಾಪಿ." ದೊಡ್ಡದು ಎನ್ನಲು ನೀನು ತೆಲುಗಿನ 'ಪೆದ್ದದು' ಬೆರೆಸಿದ್ದಕ್ಕೆ ನಾನೂ ನಕ್ಕೆ. ಅದೇ ಉಸಿರಿನಲ್ಲಿ ನೀನು, ನಿಮ್ಮ ಆಟೋನಗರದ ಮನೆ ಖಾಲಿ ಮಾಡುವ ಗಡಿಬಿಡಿಯಲ್ಲಿ ಶುಗರ್ ಟೆಸ್ಟನ್ನು ಎರಡು ಸಲ ಮುಂದೂಡಿದೆ ಎಂದೆ. ಡಾಕ್ಟರಮ್ಮ ನಿನ್ನ ಬಲಗೈ ನೋಡಿ ಏನಾಗಿತ್ತು ಎಂದು ಕೇಳಿದರಂತೆ. ಮಗುವಾಗಿದ್ದಾಗ ಸ್ನಾನ ಮಾಡಿಸಿದವರು ಎಳೆದುಬಿಟ್ಟರು ಎಂದೆಯಂತೆ. ಒಲೆಯ ಮೇಲೆ ಹಾಲು ಉಕ್ಕಿ ಹರಿಯುತ್ತಿತ್ತು, ನಾನು ನೆಲದ ಮೇಲೆ ಕೂತು ನೋಡುತ್ತಿದ್ದೆ.

ಅದು ಸುಳ್ಳು ಪುಟ್ಟಿ. ಇಪ್ಪತ್ತೆಂಟು ವರ್ಷ ನಾನೇ ಸಾಕಿದ ಸುಳ್ಳು.

ನೀನು ಹೊಟ್ಟೆಯಲ್ಲಿದ್ದಾಗ ನಾವೂ ವಿಜಯವಾಡದಲ್ಲೇ ಇದ್ದೆವು. ಏಳನೇ ತಿಂಗಳಲ್ಲಿ ಅಲ್ಲಿನ ಡಾಕ್ಟರು ಗ್ಲೂಕೋಸ್ ನೀರು ಕುಡಿದು ರಕ್ತ ಕೊಡಬೇಕು ಎಂದು ಚೀಟಿ ಬರೆದುಕೊಟ್ಟರು. ಅದೇ ವಾರ ನಿಮ್ಮಪ್ಪನಿಗೆ ಗಾಜುವಾಕ ಬ್ರಾಂಚಿಗೆ ವರ್ಗವಾಯಿತು. ಸಾಮಾನು ಕಟ್ಟುವುದರಲ್ಲಿ ಚೀಟಿ ಎಲ್ಲೋ ಸೇರಿತು. ಇಲ್ಲಿನ ಆಸ್ಪತ್ರೆಯಲ್ಲಿ ಹೊಸ ಡಾಕ್ಟರು, ಶುಗರ್ ಟೆಸ್ಟ್ ಅಲ್ಲಿ ಆಯಿತಾ ಎಂದು ಕೇಳಿದರು. "ಆಯಿತು ಮೇಡಂ, ನಾರ್ಮಲ್. ರಿಪೋರ್ಟ್ ಇನ್ನೂ ಪೆಟ್ಟಿಗೆಯಲ್ಲಿದೆ, ಬಿಚ್ಚಿಲ್ಲ," ಎಂದೆ. ವರ್ಗವಾಗಿ ಬಂದವರ ಮಾತು, ಅವರು ನಂಬಿದರು.

ಮರೆತು ಹೇಳಿದ ಮಾತಲ್ಲ ಅದು. ಒಂದು ತಿಂಗಳಿಂದ ನಾನು ಮೂತ್ರಕ್ಕೆ ಹೋಗಿಬಂದ ಮೇಲೆ ಬಚ್ಚಲಲ್ಲಿ ಇರುವೆಗಳು ಮುತ್ತುತ್ತಿದ್ದವು. ನಮ್ಮಪ್ಪನಿಗೆ ಸಕ್ಕರೆ ಕಾಯಿಲೆ ಇತ್ತಲ್ಲ, ಇರುವೆ ಬಂದರೆ ಏನರ್ಥ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ನೀರು ಹೊಯ್ಯುತ್ತಿದ್ದೆ, ಮತ್ತೆ ಬರುತ್ತಿದ್ದವು. ಕಾಗದದ ಮೇಲೆ ಸಕ್ಕರೆ ಎಂದು ಬಂದರೆ, ಇದು ನಿಮ್ಮ ಮನೆ ಕಡೆಯ ರೋಗ ಎಂದು ನಿನ್ನ ಅಜ್ಜಿ, ನಿಮ್ಮಪ್ಪನ ಅಮ್ಮ, ಅಂದಾರೆಂಬ ಭಯ. ಅಷ್ಟೇ. ಅಷ್ಟಕ್ಕೇ.

ಪಕ್ಕದ ಮನೆಯ ಸೂರ್ಯಕಾಂತಮ್ಮ ಇಲ್ಲಿನ ತೆಲುಗರ ಪದ್ಧತಿಯಂತೆ ಅಕ್ಕಿಹಿಟ್ಟು ಬೆಲ್ಲ ಕಲಸಿದ ಚಲಿಮಿಡಿ ತಂದು ಮಡಿಲಿಗೆ ಹಾಕಿದರು. ಬಾಣಂತನಕ್ಕೆ ತವರಿಗೆ ಹೋಗದ ನನ್ನನ್ನು ಅವರೇ ಮಗಳ ಹಾಗೆ ನೋಡಿಕೊಂಡರು. ಎಲ್ಲವನ್ನೂ ತಿಂದೆ. ಹೊಟ್ಟೆ ನೋಡಿ ಬೀದಿಯವರೆಲ್ಲ ಹೊಗಳುತ್ತಿದ್ದರು, ನಾನೂ ಬೀಗುತ್ತಿದ್ದೆ. ನನ್ನ ರಕ್ತದ ಸಕ್ಕರೆಯೇ ನಿನ್ನನ್ನು ಹಾಗೆ ಅಳತೆ ಮೀರಿ ಬೆಳೆಸುತ್ತಿತ್ತು.

ಹೆರಿಗೆಯ ದಿನ ನಿಮ್ಮಪ್ಪ ಅಜ್ಜಿಯನ್ನು ಕರೆತರಲು ತುಮಕೂರಿಗೆ ಹೋಗಿದ್ದರು. ನಿನ್ನ ತಲೆ ಬಂತು, ಆಮೇಲೆ ಏನೂ ಬರಲಿಲ್ಲ. ಭುಜ ನನ್ನ ಮೂಳೆಗೆ ಸಿಕ್ಕಿಕೊಂಡಿತ್ತು. ಡಾಕ್ಟರು ಕೂಗಿದರು, ಇಬ್ಬರು ನನ್ನ ಮೊಣಕಾಲನ್ನು ಎದೆಗೆ ಒತ್ತಿದರು, ಇನ್ನೊಬ್ಬಳು ಕಿಬ್ಬೊಟ್ಟೆಯ ಮೇಲೆ ಕೈಯೂರಿ ಅದುಮಿದಳು. ಗೋಡೆಯ ಗಡಿಯಾರದ ಮುಳ್ಳು ತಿರುಗುವುದು ಕಾಣುತ್ತಿತ್ತು. ನೀನು ಹೊರಬಂದಾಗ ನೀಲಿಯಾಗಿದ್ದೆ. ತುಂಬಾ ಹೊತ್ತಿನ ಮೇಲೆ ಅತ್ತೆ. ನಾಲ್ಕು ಕಿಲೋ ಏಳುನೂರು ಗ್ರಾಂ. ಎಡಗೈ ಆಡುತ್ತಿತ್ತು, ಬಲಗೈ ಸುಮ್ಮನೆ ಬಿದ್ದಿತ್ತು. ನಿನ್ನ ರಕ್ತದಲ್ಲಿ ಸಕ್ಕರೆ ಇಳಿದುಹೋಗಿದೆ ಎಂದು ಡ್ರಿಪ್ ಹಾಕಿದರು. ಡಾಕ್ಟರು ನನ್ನ ಹತ್ತಿರ ಬಗ್ಗಿ, "ಆ ಟೆಸ್ಟ್ ನಿಜವಾಗಿ ಮಾಡಿಸಿದ್ದೆಯಾ ಅಮ್ಮಾ?" ಎಂದರು. ನಾನು ಗೋಡೆಯ ಕಡೆ ತಿರುಗಿದೆ.

ಕುತ್ತಿಗೆಯ ನರ ಎಳೆದಿದೆ, ಮೂರು ತಿಂಗಳಲ್ಲಿ ಸರಿಹೋಗಬಹುದು ಎಂದಿದ್ದರು. ಆ 'ಬಹುದು' ನಂಬಿಕೊಂಡು ಯಾರಿಗೂ ಹೇಳಲಿಲ್ಲ. ನಿನ್ನನ್ನು ಬಿಗಿಯಾಗಿ ಸುತ್ತಿಟ್ಟೆ, ಬಟ್ಟೆ ನಾನೇ ಬದಲಿಸಿದೆ. ಹನ್ನೊಂದನೇ ದಿನ ಮೊದಲ ಎಣ್ಣೆಸ್ನಾನ. ಬೀದಿಯ ಕೂಸುಗಳಿಗೆಲ್ಲ ನೀರು ಹಾಕಿದ ಸೂರ್ಯಕಾಂತಮ್ಮ ಕಾಲು ಚಾಚಿ ಕೂತು ನಿನ್ನನ್ನು ಮಲಗಿಸಿಕೊಂಡರು, ಎಣ್ಣೆ ತಿಕ್ಕಿ, ಎಂದಿನಂತೆ ಎರಡೂ ಕೈಗಳನ್ನು ಎದೆಯ ಮೇಲೆ ಅಡ್ಡಡ್ಡ ತಂದು ಬಿಟ್ಟರು. ಎಡಗೈ ಚಿಮ್ಮಿತು. ಬಲಗೈ ಜಾರಿ ಬಿತ್ತು. ಅಜ್ಜಿ ಕಿರುಚಿದರು: "ಅಯ್ಯೋ, ಮಗೂನ ಕೈ ಮುರಿದುಬಿಟ್ಟಳಲ್ಲೋ!"

ಸೂರ್ಯಕಾಂತಮ್ಮ ನನ್ನ ಮುಖ ನೋಡಿದರು. "ನಾ ಚೇತುಲ್ತೋನೇನಾ ಅಮ್ಮಾ?" ನನ್ನ ಕೈಯಿಂದಲೇನಾ ಎಂದು ಕೇಳಿದರು. ನಾನು ಬಕೆಟ್ಟಿನ ನೀರು ನೋಡುತ್ತಾ ನಿಂತೆ.

ಆಮೇಲೆ ಅವರು ಒಂದು ಕೂಸನ್ನೂ ಮುಟ್ಟಲಿಲ್ಲ. ನಿನಗೆ ಕೈ ವ್ಯಾಯಾಮ ಮಾಡಿಸುವಾಗ ಬಾಗಿಲಲ್ಲಿ ನಿಂತು ಹೋಗುತ್ತಿದ್ದರು. ಎದುರು ಸಿಕ್ಕಾಗೆಲ್ಲ ನಿನ್ನ ಬಲಗೈ ಹಿಡಿದು ಕಣ್ಣಿಗೊತ್ತಿಕೊಳ್ಳುತ್ತಿದ್ದರು, ನೀನು ಮುಜುಗರದಿಂದ ಕೊಸರಿಕೊಳ್ಳುತ್ತಿದ್ದೆ, ನೆನಪಿದೆಯಾ? ಅವರ ಮಗಳು ದುರ್ಗಾಭವಾನಿ ಹೆತ್ತಾಗ ಸ್ವಂತ ಮೊಮ್ಮಗಳಿಗೂ ನೀರು ಹಾಕಲಿಲ್ಲ.

ಸೋಮವಾರ ನಿಮ್ಮಪ್ಪನಿಗೆ ಹೇಳಿದೆ. ಚಪ್ಪಲಿ ಮೆಟ್ಟಿ ಹೊರಗೆ ಹೋದರು. ನಿನ್ನೆ ಸೂರ್ಯಕಾಂತಮ್ಮನ ಹತ್ತಿರ ಹೋದೆ. ಎಂಬತ್ತಾರು ವರ್ಷ, ಮಂಚದಲ್ಲೇ ಇದ್ದಾರೆ. ಕಾಲು ಹಿಡಿದು ಎಲ್ಲವನ್ನೂ ಹೇಳಿದೆ, ಇರುವೆಯನ್ನೂ ಬಿಡಲಿಲ್ಲ. ಬೈಯುತ್ತಾರೆ, ಅಳುತ್ತಾರೆ ಎಂದುಕೊಂಡಿದ್ದೆ. ಅವರು ನನ್ನ ತಲೆ ಸವರಿ, ಈ ಮುದುಕಿಯ ಸಮಾಧಾನಕ್ಕೆ ಇಷ್ಟು ದೊಡ್ಡ ಕಥೆ ಕಟ್ಟಿದೆಯಾ ಎಂದರು. "ನಾಕು ಗುರ್ತುಂದಿ ತಲ್ಲೀ." ತನಗೆ ಚೆನ್ನಾಗಿ ನೆನಪಿದೆಯಂತೆ. ಎಳೆದಾಗ ಟಕ್ ಎಂದ ಸದ್ದು ಇನ್ನೂ ಕಿವಿಯಲ್ಲಿದೆಯಂತೆ.

ಅಂಥ ಸದ್ದೇ ಆಗಿರಲಿಲ್ಲ ಪುಟ್ಟಿ. ನಾನು ಅಲ್ಲೇ ನಿಂತಿದ್ದೆ.

ಅವರು ಇನ್ನು ನನ್ನನ್ನು ನಂಬುವುದಿಲ್ಲ. ನೀನಾದರೂ ನಂಬು. ಆಸ್ಪತ್ರೆಯವರು ಅಂದು ಕೊಟ್ಟ ಕಾಗದ ಇದರ ಜೊತೆಗಿದೆ. ತೂಕ, ಸಿಕ್ಕಿಕೊಂಡ ಭುಜ, ಕೈ, ಎಲ್ಲ ಅದರಲ್ಲಿದೆ. ಟೆಸ್ಟ್ ನಾರ್ಮಲ್ ಎಂದು ಬರೆದಿರುವ ಸಾಲು ಮಾತ್ರ ನಾನು ಹೇಳಿದ ಸುಳ್ಳು, ಅದನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ್ದೇನೆ. ಈ ಪತ್ರ ಕೈಸೇರಿದ ಮರುದಿನ ಬೆಳಿಗ್ಗೆ ಏನೂ ತಿನ್ನದೆ ಹೋಗಿ ರಕ್ತ ಕೊಡು. ಆಸ್ಪತ್ರೆಯ ಕಾಗದವನ್ನು ಡಾಕ್ಟರಮ್ಮನ ಮೇಜಿನ ಮೇಲಿಡು. ನನ್ನ ಅಮ್ಮ ಬಚ್ಚಿಟ್ಟಿದ್ದಳು ಎಂದು ನನ್ನ ಹೆಸರು ಹಿಡಿದೇ ಹೇಳು. ಅವರು ಹೊಟ್ಟೆ ಕೊಯ್ದು ಮಗುವನ್ನು ತೆಗೆಯಬೇಕು ಎಂದರೆ ಹೂಂ ಅನ್ನು. ನನ್ನನ್ನು ಕ್ಷಮಿಸುವುದು ಬಿಡುವುದು ಆಮೇಲೆ, ಮಗು ಎರಡೂ ಕೈ ಆಡಿಸಿದ ಮೇಲೆ.

ನಿನ್ನ ಬಲಗೈಯನ್ನು ಒಂದು ಸಲ ನನ್ನ ಕಣ್ಣಿಗೊತ್ತಿಕೊಳ್ಳಬೇಕು ಅನಿಸುತ್ತಿದೆ. ಬಾ ಎಂದರೆ ಬರುತ್ತೇನೆ.

ನಿನ್ನ ಮಡಿಲು ತಣ್ಣಗಿರಲಿ.

ನಿನ್ನ ಅಮ್ಮ,
ಮಂಗಳಾಗೌರಿ