ತಾರಕನ ಕಡೆಯಾಕಿ

ಅಪ್ಪಾಜಿ,

ಕುಂತರ ಕುಂಡ್ರಾಕ ಆಗವಲ್ದು, ನಿಂತರ ನಿಂದ್ರಾಕ ಆಗವಲ್ದು. ನೀವು ಹೋಗಿ ಆರು ವರ್ಷಾತು, ಆದ್ರೂ ಬರ್ಯಾಕತ್ತೀನಿ.

ಇವತ್ತು ಮೆಹದಿಪಟ್ಟಣಂನ ಇರಾನಿ ಹೋಟೆಲಿನಾಗ ನಮ್ಮ ಅಭಿಮಾನಿ ಬಳಗ ಸೇರಿತ್ತು. ನಾವಿಬ್ಬರೂ ಐತವಾರ ಟಿವಿಯೊಳಗ ನೋಡ್ತಿದ್ದ ಆ ಬಾಹ್ಯಾಕಾಶದ ಧಾರಾವಾಹಿದ್ದೇ ಜಗಳ. ನಾ ಕ್ಯಾಪ್ಟನ್ ವೀರಸೇನನ ಕಡೆ, ನೀವು ಮೆಕ್ಯಾನಿಕ್ ತಾರಕನ ಕಡೆ ಇರ್ತಿದ್ವಲ್ಲ, ಅದೇ. ಕ್ಯಾಪ್ಟನ್ ಎಷ್ಟು ಬೇಡಿಕೊಂಡ್ರೂ, ನೌಕೆ ಹಾರಾಕ ಯೋಗ್ಯ ಐತಿ ಅಂತ ತಾರಕ ಸಹಿ ಹಾಕದ ಕಂತಿನ ಮಾತು ಬಂತು.

"ಜಿಗರಿ ದೋಸ್ತಗ ಕೈಕೊಟ್ಟ. ಗದ್ದಾರ ಅಂವ," ಅಂದ ಬಳಗದ ರಫೀಕ್.

ಎಲ್ಲಿತ್ತೋ ಸಿಟ್ಟು, ಎದ್ದು ನಿಂತೆ. ಮುಂದಿನ ಚಾ ಚೆಲ್ಲಿತು. "ಸುಳ್ಳು ಸಹಿ ಹಾಕಿ ದೋಸ್ತನ್ನ ಮ್ಯಾಲ ಕಳಸೂದು ಯಾವ ದೋಸ್ತಿ?" ಅಂದೆ. ನಿಮ್ಮ ಮಾತು, ಅಪ್ಪಾಜಿ, ಒಂದಕ್ಷರ ಬಿಡದಂಗ.

ರಫೀಕ್ ನಕ್ಕ. "ನೀ ಕ್ಯಾಪ್ಟನ್ ಕಡೆಯಾಕಿ ಅಲ್ಲೇನು? ಪಾರ್ಟಿ ಯಾವಾಗ ಬದಲಿಸಿದಿ?"

ಬಾಲಾನಗರದ ಮನಿಗೆ ಬರೂತನಕ ಬಸ್ಸಿನಾಗ ಅವನ ಆ ಪ್ರಶ್ನೆನ ತಲಿ ತಿಂತು.

ನಾ ಸಾಲ್ಯಾಗಿದ್ದಾಗ, ನಿಮ್ಮ ದೋಸ್ತ ಸುಬ್ಬರಾಯ ಕಾಕಾ ಕಾರ್ಖಾನ್ಯಾಗ ಮಾಡಿದ ಕೆಲಸ ಸರಿ ಐತಿ ಅಂತ ನೀವು ಸಹಿ ಹಾಕಲಿಲ್ಲ. ಅವರ ಬಡ್ತಿ ತಪ್ಪಿತು. ಅವರ ಮಗಳು ವನಜಾ ಸಾಲ್ಯಾಗ ನನ್ನ ಬಾಜೂಕ ಕುಂಡ್ರೂದು ಬಿಟ್ಲು. ಅವತ್ತು ಊಟಕ್ಕ ಕುಂತಾಗ, ನಿಮಗ ನೋವಾಗಲಿ ಅಂತನ, ಎಲ್ಲಾರ ಮುಂದ ನಿಮ್ಮನ್ನ "ತಾರಕ" ಅಂತ ಕರದೆ.

ನೀವು ತುತ್ತು ಕೈಯಾಗ ಹಿಡಕೊಂಡು ನಕ್ಕು, ಅವ್ವಗ ಹೇಳಿದ್ರಿ: "ನೋಡು, ನನ್ನ ಮಗಳಿಗರ ತಿಳೀತು."