ಲಿಲ್ಲಿಬಾಯಿಯ ಹುಣ್ಣು

ಮೀಂಜ, 14-6-2011

ಸೇವಾ ಸಂಘದ ಅಧ್ಯಕ್ಷ ಹಿಲರಿಯವರಿಗೆ,

"ಫೆಲ್ಸಿಗೆ ದೇವರ ಮೇಲೆ ಭರವಸೆ ಇಲ್ಲ ಮಾರಾಯ್ರೆ, ಎಲ್ಲ ತನ್ನಿಂದಲೇ ಆಗುವುದು ಅಂತ ಉಂಟು ಅವಳಿಗೆ" ಎಂದು ಭಾನುವಾರದ ಸಭೆಯಲ್ಲಿ ನನ್ನ ಬಗ್ಗೆ ಹೇಳಿ ನಗಾಡಿದಿರಿ.

ನಮ್ಮ ಸಂಘ ನೋಡಿಕೊಳ್ಳುವ, ಹಾಸಿಗೆ ಹಿಡಿದ ಲಿಲ್ಲಿಬಾಯಿಯ ಬೆನ್ನಿನ ಹುಣ್ಣನ್ನು ಎರಡು ವರ್ಷದಿಂದ ತೊಳೆಯುತ್ತಿದ್ದೇನೆ. ಒಮ್ಮೆ ಬಂದ ನೀವು ಮೂಗಿಗೆ ಕರವಸ್ತ್ರ ಹಿಡಿದು, ಬಾಗಿಲಲ್ಲೇ ಪ್ರಾರ್ಥಿಸಿ ಹೊರಟಿರಿ. ಆ ದಿನ ನನಗೂ ವಾಂತಿ ಬಂತು. ಹಿತ್ತಿಲಿಗೆ ಓಡಿ, "ದೇವರೇ, ನನ್ನಿಂದ ಆಗುವುದಿಲ್ಲ, ನೀನೇ ಬಾ" ಎಂದು ಅತ್ತು, ಮತ್ತೆ ಒಳಗೆ ಹೋದೆ. ಇಂದಿಗೂ ಹಾಗೆ ಬೇಡಿಕೊಳ್ಳದೆ ಆ ಕೋಣೆಗೆ ಕಾಲಿಡಲಾರೆ.

ದೇವರ ಸಹಾಯ ಬೇಕಾಗುವಂಥ ಕೆಲಸವನ್ನು ನೀವು ಇನ್ನೂ ಮಾಡಿಯೇ ಇಲ್ಲ. ಗುರುವಾರ ಒಂಬತ್ತಕ್ಕೆ ಬನ್ನಿ. ಬಿಸಿನೀರು ನಾನು ಕಾಯಿಸಿಡುತ್ತೇನೆ, ತೊಳೆಯುವುದು ನೀವು.

ನಿಮ್ಮ ನಗು ಮರೆಯದ,
ಫೆಲ್ಸಿ